ಇಂದಿನ ಧಮ್ಮಚಿಂತನೆ: ಸತ್ತ ಆಮೆಯ ರೊಕ್ಕ ಯಾರು ಕೊಡಬೇಕು?



ಹೋದ ಹುಣ್ಣಿಮೆಯ ವಂದನೆ ಮುಗಿದ ಮೇಲೆ ಒಂದು ತಕರಾರು ನಮ್ಮ ಮುಂದೆ ಬಂತು. ಇಂಡಿ ಕಡೆಯ ಒಬ್ಬ ತಮ್ಮ ಮೊಬೈಲಿನಲ್ಲಿ ಫೋಟೊ ನೋಡಿ ನಕ್ಷತ್ರ ಆಮೆಯೊಂದನ್ನು ತರಿಸಿದ್ದ. ಅದು ಮನೆಯಲ್ಲಿದ್ದರೆ ರೊಕ್ಕ ನಿಲ್ಲುತ್ತದೆ ಎಂದು ಯಾರೋ ತಲೆಗೆ ತುಂಬಿದ್ದರು. ಕೊಟ್ಟದ್ದು 3,000 ರೂಪಾಯಿ. ಬೆಂಗಳೂರಿನಿಂದ ಬಸ್ಸಿನ ಪಾರ್ಸಲ್‌ನಲ್ಲಿ ರಟ್ಟಿನ ಡಬ್ಬಿ ಬಂತು. ಬಿಚ್ಚಿದರೆ ಆಮೆ ಸತ್ತಿತ್ತು. ಮಾರಿದವನೂ ನಮ್ಮವನೇ, ಬಾಗೇವಾಡಿ ಕಡೆಯಿಂದ ದುಡಿಯಲು ಬೆಂಗಳೂರಿಗೆ ಹೋದವನು. "ನಾ ಜೀವಂತ ಕಳಿಸೀನ್ರಿ, ದಾರ್ಯಾಗ ಸತ್ತರ ನಾ ಏನ್ ಮಾಡ್ಲಿ?" ಅಂತ ಅವನು. "ಸತ್ತದ್ದಕ್ಕ ನಾ ಯಾಕ ರೊಕ್ಕ ಕಳಕೊಳ್ಳಲಿ?" ಅಂತ ಇವನು. ಕೊನೆಗೆ ಹಿರಿಯರೊಬ್ಬರು, "ಅರ್ಧ ಅರ್ಧ ಮಾಡ್ಕೊಳ್ರಪ್ಪಾ" ಅಂದರು. ಇಬ್ಬರೂ ಒಪ್ಪಿದರು.

ಅಲ್ಲಿಗೆ ನ್ಯಾಯ ಮುಗಿಯಿತೇ?

ಕಾನೂನು ಕೇಳಿದರೆ ಈ ತಕರಾರಿಗೆ ನಿಲ್ಲಲು ಜಾಗವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಕಾನೂನಿಗೆ ವಿರುದ್ಧವಾದ ಕರಾರು ಕರಾರೇ ಅಲ್ಲ ಎಂದು 1872ರ ಕರಾರು ಕಾಯ್ದೆಯ 23ನೆಯ ಕಲಮು ಹೇಳುತ್ತದೆ. ಹೀಗಾಗಿ ಮೋಸ ಹೋದವನು ಪೊಲೀಸರ ಹತ್ತಿರ ಹೋಗಲಾರ. ಹೋದರೆ ಮೊದಲು ಅವನೇ ಸಿಕ್ಕಿಬೀಳುತ್ತಾನೆ.

ಈಗ ಆಮೆಯ ಕಡೆಯಿಂದ ನೋಡೋಣ. ಆಮೆ, ಹಾವು, ಓತಿಗಳಿಗೆ ನಮ್ಮ ಹಾಗೆ ಮೈ ಬಿಸಿಯನ್ನು ಒಳಗಿನಿಂದ ಹಿಡಿತದಲ್ಲಿಡುವ ಶಕ್ತಿಯಿಲ್ಲ. ಬಿಸಿಲಾದರೆ ನೆರಳಿಗೆ, ಚಳಿಯಾದರೆ ಬಿಸಿಲಿಗೆ ಸರಿಯಬೇಕು. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಅದು ಎಲ್ಲಿಗೆ ಸರಿಯಬೇಕು? ಇವು ಅನ್ನ ನೀರಿಲ್ಲದೆ ಬಹಳ ದಿನ ತಡೆಯುತ್ತವೆ, ಸಂಕಟವಾದರೂ ಕೂಗುವುದಿಲ್ಲ. ಅದಕ್ಕೇ ಮಾರುವವರಿಗೆ ಇವುಗಳನ್ನು ಸಾಮಾನಿನಂತೆ ಕಳಿಸುವ ಧೈರ್ಯ. ಅದಕ್ಕೇ ಯಾವ ಊರು ದಾಟುವಾಗ ಜೀವ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ, ಜಗಳವೂ ಹರಿಯುವುದಿಲ್ಲ. ದೊಡ್ಡವರ ವ್ಯಾಪಾರವೂ ಇದೇ ಬಗೆಯದು. 2023ರ ಆಗಸ್ಟ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ ಹೆಬ್ಬಾವು, ಆಮೆ, ಮೊಸಳೆ ಜಾತಿಯ ಮರಿಗಳು ಸೇರಿ 234 ಪ್ರಾಣಿಗಳು ಸಿಕ್ಕವು. ಅವುಗಳಲ್ಲಿದ್ದ ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು.

ಉಪಾಸಕನು ಮಾಡಬಾರದ ಐದು ವ್ಯಾಪಾರಗಳನ್ನು ಭಗವಾನ್ ಬುದ್ಧರು ಅಂಗುತ್ತರ ನಿಕಾಯದಲ್ಲಿ ಹೇಳಿದ್ದಾರೆ: ಆಯುಧ, ಜೀವಿ, ಮಾಂಸ, ಮದ್ಯ, ವಿಷ. ಜೀವಿಗಳ ವ್ಯಾಪಾರಕ್ಕೆ ಪಾಲಿಯಲ್ಲಿ 'ಸತ್ತವಣಿಜ್ಜಾ' ಎಂದು ಹೆಸರು. ಪಾಲಿಯ 'ಸತ್ತ' ಎಂದರೆ ಜೀವ ಇರುವುದು, ಕನ್ನಡದಲ್ಲಿ ಜೀವ ಹೋದದ್ದು. ಈ ವ್ಯಾಪಾರದಲ್ಲಿ ಎರಡೂ ಅರ್ಥ ಒಂದೇ ಡಬ್ಬಿಯಲ್ಲಿ ಬರುತ್ತವೆ. ಅಟ್ಠಕಥೆಯು ಈ ಮಾತನ್ನು ಮನುಷ್ಯರ ಮಾರಾಟ ಎಂದು ಬಿಡಿಸುತ್ತದೆ. ಹಾಗಾದರೆ ಆಮೆಗೆ ಅನ್ವಯಿಸುವುದಿಲ್ಲ ಎನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ದಾರಿಯಲ್ಲಿ ದಾಸನೊಬ್ಬ ಸತ್ತರೂ ಕೊಂಡವನು, ಮಾರಿದವನು ಬೆಲೆಗಾಗಿಯೇ ಜಗಳವಾಡಿರುತ್ತಾರೆ. ನಷ್ಟ ಯಾರದೆಂದು ಕೇಳಿರುತ್ತಾರೆ, ನೋವು ಯಾರದೆಂದು ಕೇಳಿರುವುದಿಲ್ಲ. ಜೀವವನ್ನು ಸರಕು ಮಾಡುವುದರಲ್ಲಿ ಇರುವ ತಪ್ಪು ಇದೇ.

"ಹಾಗಾದರ ಸಂತ್ಯಾಗ ಆಡು ಮಾರೂದೂ ತಪ್ಪೇನ್ರಿ ಸರ್?" ಎಂದು ಒಬ್ಬ ಅಕ್ಕ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅಹಿಂಸೆಯನ್ನು ನಿಯಮವೆಂದಲ್ಲ, ತತ್ವವೆಂದು ವಿವರಿಸಿದ್ದಾರೆ. ನಿಯಮ ಕಟ್ಟಿಹಾಕುತ್ತದೆ, ತತ್ವ ಯೋಚಿಸಲು ಬಿಡುತ್ತದೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಬಯಕೆ ಬೇರೆ ಎಂದೂ ಬಾಬಾಸಾಹೇಬರು ಬಿಡಿಸಿ ತೋರಿಸಿದರು. ಆಡು ಸಾಕಿ ಮಾರುವ ಅಕ್ಕನಿಗೆ ಹೊಟ್ಟೆಯ ಅಗತ್ಯವಿದೆ. ಅವಳ ಮೇಲೆ ನಿಯಮದ ಕೋಲು ಬೀಸುವುದು ಧಮ್ಮವಲ್ಲ. ನಕ್ಷತ್ರ ಆಮೆಯನ್ನು ಡಬ್ಬಿಗೆ ತುಂಬಿಸಿ ತರಿಸಿಕೊಂಡವನಿಗೆ ಯಾವ ಅಗತ್ಯವಿತ್ತು? ಇದ್ದದ್ದು ಒಂದು ಆಸೆ, ಅದರ ಹಿಂದೆ ನಾವು ಬಿಟ್ಟು ಬಂದೆವೆಂದುಕೊಂಡ ಒಂದು ಮೂಢನಂಬಿಕೆ. ಮಾರಿದವನ ಬಡತನ ನಿಜವೇ. ಆದರೆ ಕೊಳ್ಳುವವರಿಲ್ಲದೆ ಆ ಆಮೆಯನ್ನು ಕುರುಚಲು ಕಾಡಿನಿಂದ ಯಾರೂ ಎತ್ತುತ್ತಿರಲಿಲ್ಲ.

"ಮೊದಲು ಮನುಷ್ಯರ ಮಾತಾಡ್ರಿ" ಎಂದೂ ಒಬ್ಬರು ಅಂದರು. ಆ ಸಿಟ್ಟು ನನಗೂ ಗೊತ್ತು. ದನ, ನಾಯಿ ಕುಡಿಯುತ್ತಿದ್ದ ಚವದಾರ್ ಕೆರೆಯ ನೀರನ್ನು ಮುಟ್ಟಲು ನಮ್ಮವರು 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರ ಹಿಂದೆ ನಡೆಯಬೇಕಾಯಿತು. ಪ್ರಾಣಿಯನ್ನು ಪೂಜಿಸಿ ಮನುಷ್ಯನನ್ನು ದೂರವಿಟ್ಟದ್ದು ಕರುಣೆ ಆಗಿರಲಿಲ್ಲ. ಅದನ್ನು ಕಂಡುಂಡ ಬಾಬಾಸಾಹೇಬರೇ 1956ರಲ್ಲಿ ನಾಗಪುರದಲ್ಲಿ ಎಲ್ಲ ಜೀವಿಗಳ ಮೇಲೆ ಕರುಣೆ ಇಟ್ಟು ಕಾಪಾಡುವ ಪ್ರತಿಜ್ಞೆಯನ್ನು 22ರೊಳಗೆ ಸೇರಿಸಿದರು. ನಮ್ಮ ಬಗ್ಗೆ ನಮ್ಮನ್ನು ಕೇಳದೆ ಪಂಚಾಯ್ತಿ ಮಾಡಿದ ಊರುಗಳಿಂದ ಬಂದವರು ನಾವು. ಬಾಯಿಲ್ಲದ ಜೀವದ ಮುಂದೆ ಕುಳಿತು ಬರೀ ರೊಕ್ಕದ ಲೆಕ್ಕ ಹರಿಸಿ ಎದ್ದುಹೋಗುವುದು ನಮಗೆ ಒಪ್ಪುವುದಿಲ್ಲ.

ಇಂದಿನ ಅಭ್ಯಾಸ: ಏನನ್ನಾದರೂ ಕೊಳ್ಳುವ ಮೊದಲು, ಈ ವ್ಯವಹಾರದಲ್ಲಿ ಮಾತಾಡಲಾಗದೆ ನೋಯುವವರು ಯಾರು ಎಂದು ಒಮ್ಮೆ ಕೇಳಿಕೊಳ್ಳೋಣ. ಯಾರ ಮನೆಯಲ್ಲಾದರೂ ಇಂಥ ಆಮೆ ಇದ್ದರೆ ಭೀಮಾ ನದಿಗೋ ಕೆರೆಗೋ ಬಿಡಬೇಡಿ. ನಕ್ಷತ್ರ ಆಮೆ ನೆಲದ ಜೀವಿ, ಅದಕ್ಕೆ ಈಜು ಬರುವುದಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸಿ. ಒಬ್ಬರೇ ಹೋಗಲು ಹೆದರಿಕೆಯಾದರೆ ಸಂಘದವರು ಜೊತೆಗೆ ಬರುತ್ತೇವೆ.

ಜೈ ಭೀಮ್. ನಮೋ ಬುದ್ಧಾಯ. 🙏