ಯಂತ್ರ ನುಡಿದರೆ ಎದೆ ಕರಗುವುದೇಕೆ?

ಹೌಸ್ ಸಂಗೀತವನ್ನು ಮೊದಲ ಸಲ ಕೇಳುವ ಹಿರಿಯರು ಅದನ್ನು ಬರೀ ಗದ್ದಲವೆಂದು ತಳ್ಳಿಹಾಕುವುದುಂಟು. ನಿಮಿಷಕ್ಕೆ ಸುಮಾರು 120 ಸಲ ಒಂದೇ ಸಮನೆ ಬಡಿಯುವ ಡ್ರಮ್ಮು, ಮತ್ತೆ ಮತ್ತೆ ಮರಳಿ ಬರುವ ಕೆಲವೇ ಸ್ವರಗಳು. ಪಲ್ಲವಿಯಿಲ್ಲ, ಚರಣವಿಲ್ಲ, ಎಷ್ಟೋ ಸಲ ಸಾಹಿತ್ಯವೇ ಇಲ್ಲ. ಆದರೂ ಇದರ ಮಧುರ ಕವಲಾದ ಮೆಲೋಡಿಕ್ ಹೌಸ್ ಕೇಳುತ್ತಾ ಕಣ್ಣೊದ್ದೆ ಮಾಡಿಕೊಳ್ಳುವ ಎಳೆಯರು ಲೋಕದ ತುಂಬ ಇದ್ದಾರೆ. ಇದನ್ನು ಬರೀ ಶೋಕಿ ಎಂದುಬಿಡುವುದು ಸುಲಭ. ಆದರೆ ಕಣ್ಣೀರನ್ನು ಶೋಕಿ ಎನ್ನುವ ಮೊದಲು ನಾವು ಸ್ವಲ್ಪ ತಡೆಯಬೇಕು.

ಅನುಮಾನಕ್ಕೆ ಕಾರಣವಿಲ್ಲದಿಲ್ಲ. ಇಂಥ ಹಾಡಿನ ಕಟ್ಟೋಣ ಎಲ್ಲರಿಗೂ ಗೊತ್ತಿರುವಂಥದ್ದೇ. ನಡುವೆ ಎಲ್ಲೋ ಡ್ರಮ್ಮಿನ ಬಡಿತ ನಿಲ್ಲುತ್ತದೆ. ವಿಷಾದದ ಸ್ವರಗಳಷ್ಟೇ ಉಳಿದು ಮೆಲ್ಲಗೆ ಮೇಲೇರುತ್ತವೆ. ಮಂಜಿನಾಚೆ ಕೇಳಿದಂತಿದ್ದ ನಾದ ಸ್ಪಷ್ಟವಾಗುತ್ತಾ ಬರುತ್ತದೆ. ಇನ್ನು ಕಾಯಲಾರೆವು ಎನಿಸುವ ಹೊತ್ತಿಗೆ ಬಡಿತ ಮರಳುತ್ತದೆ, ಎದೆ ತುಂಬಿ ಬರುತ್ತದೆ. ಗುಂಡಿ ತಿರುಗಿಸಿ ಲೆಕ್ಕ ಹಾಕಿ ತರಿಸಿದ ಈ ಭಾವ ನಿಜವಾದದ್ದೇ? ಯಾರೋ ನಮ್ಮ ಹೃದಯದ ಕೀಲಿಕೈಯನ್ನು ನಕಲು ಮಾಡಿಸಿಕೊಂಡಿದ್ದಾರೆಯೇ?

2021ರಲ್ಲಿ ಬಂದ ಒಂದು ಹಾಡನ್ನು ನೋಡೋಣ. ಇಂಗ್ಲೆಂಡಿನ ಫ್ರೆಡ್ ಅಗೇನ್ ಎಂಬ ಸಂಗೀತಗಾರನ 'ಮರಿಯಾ (ವಿ ಹ್ಯಾವ್ ಲಾಸ್ಟ್ ಡ್ಯಾನ್ಸಿಂಗ್)'. ಇದರಲ್ಲಿ ಹಾಡುಗಾರಿಕೆಯೇ ಇಲ್ಲವೆನ್ನಬಹುದು. ದಿ ಬ್ಲೆಸ್ಡ್ ಮಡೋನಾ ಎಂದು ಹೆಸರಾದ ಅಮೆರಿಕದ ಡಿಜೆ ಮರಿಯಾ ಸ್ಟ್ಯಾಂಪರ್, ಕೋವಿಡ್ ಕಾಲದಲ್ಲಿ ತಾವೆಲ್ಲ ಏನೇನು ಕಳೆದುಕೊಂಡೆವೆಂದು ಆಡಿದ ಮಾತನ್ನೇ ಅವನು ಕತ್ತರಿಸಿ, ಜೋಡಿಸಿ, ಬಡಿತದ ಮೇಲಿಟ್ಟಿದ್ದಾನೆ. ಕುಣಿಯುವ ಜಾಗಗಳಿಗೆ ಬೀಗ ಬಿದ್ದಿತ್ತು. ಅಪ್ಪಿಕೊಳ್ಳುವುದು, ಒಟ್ಟಿಗೆ ಸೇರುವುದು ಅಪಾಯವಾಗಿತ್ತು. ಆ ಹಾಡಿಗೆ ಕರಗಿದವರೆಲ್ಲ ಡಿಸ್ಕೋಥೆಕ್ಕಿಗೆ ಹೋಗುತ್ತಿದ್ದವರೇ ಆಗಬೇಕೆಂದಿಲ್ಲ. ಜನಾಜಾಕ್ಕೆ ಹೆಗಲು ಕೊಡಲಾಗದೆ ಉಳಿದವರು, ಮದುವೆ ಮನೆಗೆ ಹೋಗಲಾಗದವರು, ದೂರದೂರಿನ ತಾಯಿಯ ಮುಖವನ್ನು ಮೊಬೈಲಿನಲ್ಲಷ್ಟೇ ನೋಡಿದವರು ನಮ್ಮಲ್ಲೂ ಎಷ್ಟಿಲ್ಲ? ಆಕೆ ಹೇಳಿದ್ದು ಕುಣಿತದ ಬಗ್ಗೆ. ಕೇಳಿದವರು ಅದರಲ್ಲಿ ತಮ್ಮ ತಮ್ಮ ನಷ್ಟವನ್ನು ಕೇಳಿಸಿಕೊಂಡರು.

ಇಮಾಮ್ ಗಝ್ಝಾಲಿಯವರು (ನಿಧನ 1111) 'ಇಹ್ಯಾ ಉಲೂಮಿದ್ದೀನ್'ನಲ್ಲಿ ನಾದವನ್ನು ಆಲಿಸುವುದರ ಬಗ್ಗೆಯೇ ಒಂದು ಭಾಗ ಬರೆದಿದ್ದಾರೆ. ಕಬ್ಬಿಣ ಮತ್ತು ಕಲ್ಲಿನೊಳಗೆ ಬೆಂಕಿ ಅಡಗಿರುವಂತೆ ಹೃದಯದೊಳಗೆ ಗುಟ್ಟುಗಳು ಅಡಗಿವೆ, ಆಲಿಸುವಿಕೆ ಅವನ್ನು ಹೊರತೆಗೆಯುತ್ತದೆ ಎಂಬುದು ಅವರ ನಿಲುವು. ಸಂಗೀತ ಸಲ್ಲುತ್ತದೋ ಇಲ್ಲವೋ ಎಂಬ ಚರ್ಚೆ ದೊಡ್ಡದು, ಅದಕ್ಕೆ ಇದು ಜಾಗವಲ್ಲ. ನಮಗಿಲ್ಲಿ ಬೇಕಾದದ್ದು ಅವರ ಮನಶ್ಶಾಸ್ತ್ರ. ಇದ್ದಿಲು ಒಳಗೇ ಇದ್ದರೆ, ಕಿಡಿ ಹಾರಿಸಿದ್ದು ತಂಬೂರಿಯೋ ಸಿಂಥಸೈಜರೋ ಎಂಬುದರಿಂದ ಬೆಂಕಿ ಸುಳ್ಳಾಗುವುದಿಲ್ಲ. ವೀಣೆಯೂ ಮರ ಮತ್ತು ತಂತಿಯಿಂದ ಮಾಡಿದ ಯಂತ್ರವೇ ಅಲ್ಲವೇ?

ಹಾಗಾದರೆ ಭಾವ ನಿಜ. ಆದರೆ ಅಲ್ಲಿಗೆ ಪ್ರಶ್ನೆ ಮುಗಿಯುತ್ತದೆಯೇ? ನಮಗನಿಸುವಂತೆ ಕಷ್ಟದ ಪ್ರಶ್ನೆ ಅಲ್ಲಿಂದಲೇ ಶುರು. ಭಾವ ನಿಜವಾದ ಮಾತ್ರಕ್ಕೆ ಅದು ಒಳ್ಳೆಯತನವಾಗುವುದಿಲ್ಲ. ಕರಗಿದ ಮನಸ್ಸು ತನ್ನ ಕರಗುವಿಕೆಯನ್ನೇ ಮೆಚ್ಚಿಕೊಂಡು ಕೂರಬಹುದು, ಅದೇ ಹಾಡನ್ನು ಮತ್ತೆ ಹಾಕಬಹುದು. ಸಿನಿಮಾದಲ್ಲಿ ಬಡವನಿಗಾಗಿ ಅತ್ತು, ಹೊರಬಂದು ಆಟೋದವನ ಜೊತೆ ಐದು ರೂಪಾಯಿಗೆ ಜಗಳವಾಡುವ ನಮ್ಮ ಗುಣ ಹೊಸದೇನಲ್ಲ. ನಾದದಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಬಡವನ ಮುಖವೂ ಕಾಣುವುದಿಲ್ಲ.

ಆದರೆ ಈ ನಾದಕ್ಕೆ ಮುಖಗಳಿವೆ. 1977ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ತೆರೆದ ವೇರ್‌ಹೌಸ್ ಎಂಬ ಕ್ಲಬ್ಬಿನಿಂದ ಹೌಸ್ ಎಂಬ ಹೆಸರು ಬಂತು. ಫ್ರಾಂಕಿ ನಕಲ್ಸ್ ಎಂಬ ಕರಿಯ ಡಿಜೆ ಅಲ್ಲಿ ನುಡಿಸುತ್ತಿದ್ದರು. ಬರುತ್ತಿದ್ದವರು ಹೆಚ್ಚಾಗಿ ಕರಿಯ ಮತ್ತು ಲ್ಯಾಟಿನೊ ತರುಣರು, ಅವರಲ್ಲಿ ಬಹಳ ಮಂದಿ ಸಲಿಂಗಿಗಳು, ಬೇರೆಡೆ ಬಾಗಿಲು ಮುಚ್ಚಿಸಿಕೊಂಡವರು. 1979ರ ಜುಲೈ 12ರಂದು ಅದೇ ನಗರದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಧ್ವನಿಮುದ್ರಿಕೆಗಳನ್ನು ರಾಶಿ ಹಾಕಿ ಸಿಡಿಸಿದರು. ಅಂದು ಅಲ್ಲಿ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕರಿಯ ಹುಡುಗ, ಜನ ತಂದು ಸುರಿದದ್ದರಲ್ಲಿ ಡಿಸ್ಕೋ ಅಲ್ಲದ, ಕರಿಯರ ಹಾಡುಗಳೆಂಬುದಷ್ಟೇ ಅಪರಾಧವಾಗಿದ್ದ ಮುದ್ರಿಕೆಗಳೂ ಇದ್ದುದನ್ನು ನೆನಪಿಸಿಕೊಂಡಿದ್ದಾರೆ. ಮುಂದೆ ಅವರೇ ಜೆಸ್ಸಿ ಸಾಂಡರ್ಸ್ ಜೊತೆ 1984ರಲ್ಲಿ 'ಆನ್ ಅಂಡ್ ಆನ್' ಮಾಡಿದರು. ಹೌಸ್‌ನ ಮೊದಲ ಧ್ವನಿಮುದ್ರಿಕೆಯೆಂದು ಹಲವರು ಗುರುತಿಸುವುದು ಅದನ್ನೇ.

ಇನ್ನೊಬ್ಬರು ಲ್ಯಾರಿ ಹರ್ಡ್. ಮೊದಲು ಡ್ರಮ್ ವಾದಕರಾಗಿದ್ದ ಇವರು ಮಿಸ್ಟರ್ ಫಿಂಗರ್ಸ್ ಹೆಸರಿನಲ್ಲಿ ಮಾಡಿದ 'ಕ್ಯಾನ್ ಯು ಫೀಲ್ ಇಟ್' 1986ರಲ್ಲಿ ಶಿಕಾಗೊದ ಟ್ರಾಕ್ಸ್ ರೆಕಾರ್ಡ್ಸ್‌ನಿಂದ ಬಂತು. ಆಳವಾದ ಮಂದ್ರ, ತೇಲುವ ಸ್ವರಗಳು, ಅಷ್ಟೇ. ಇಂದಿನ ಮೆಲೋಡಿಕ್ ಹೌಸ್‌ನ ಬಹುಪಾಲು ವಿಷಾದ ಆ ಬಾವಿಯಿಂದ ಸೇದಿದ ನೀರು. ನಿಮಗಿದು ಅನಿಸುತ್ತಿದೆಯೇ ಎಂದು ಹೆಸರಿನಲ್ಲೇ ಕೇಳುವ ಈ ಹಾಡಿಗೆ, ಅನಿಸುತ್ತಿದೆ ಎಂದವರು ಖಂಡಖಂಡಗಳಲ್ಲಿದ್ದರು. ಆದರೆ ತಮಗೆ ಸಲ್ಲಬೇಕಾದ ಗೌರವಧನ ಸಲ್ಲಲಿಲ್ಲವೆಂದು ಹರ್ಡ್ ಹಾಗೂ ಗಾಯಕ ರಾಬರ್ಟ್ ಓವೆನ್ಸ್ 2020ರಲ್ಲಿ ಅದೇ ಕಂಪನಿಯ ವಿರುದ್ಧ ಕೋರ್ಟಿಗೆ ಹೋಗಬೇಕಾಯಿತು. ಕೇಳಿ ಕರಗಿದ ನಮ್ಮಂಥವರಲ್ಲಿ ಎಷ್ಟು ಜನ, ಇದನ್ನು ಮಾಡಿದವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಒಮ್ಮೆಯಾದರೂ ವಿಚಾರಿಸಿದ್ದರು?

2022ರಲ್ಲಿ ರಾಜಿಯಾಯಿತು, ಹಾಡುಗಳ ಹಕ್ಕು ಇಬ್ಬರಿಗೂ ಮರಳಿತು. 'ಕ್ಯಾನ್ ಯು ಫೀಲ್ ಇಟ್' ಬಂದು ಆಗ 36 ವರ್ಷ. ಮೊದಲ ಸಲ ಅದನ್ನು ಕೇಳಿ ಕುಣಿದವರ ಮಕ್ಕಳೂ ಅಷ್ಟು ಹೊತ್ತಿಗೆ ದೊಡ್ಡವರಾಗಿದ್ದರು.