ಅಮ್ಮ ‘ಬೇಡ’ ಎಂದಾಗ

ಮೂತ್ರಪಿಂಡದ ಕಾಯಿಲೆ ಎಂದರೆ ಉಪ್ಪು, ನೀರು, ಬಾಳೆಹಣ್ಣುಗಳ ಲೆಕ್ಕ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಅದು ಬುದ್ಧಿಯನ್ನೂ ಮಸುಕು ಮಾಡಬಲ್ಲದು ಎಂಬುದು ಅನೇಕ ಮನೆಗಳಿಗೆ ತಡವಾಗಿ ತಿಳಿಯುತ್ತದೆ. ಮೂತ್ರಪಿಂಡದಲ್ಲಿರುವಂತೆಯೇ ಮೆದುಳಿನಲ್ಲೂ ತೀರ ಸಣ್ಣ ರಕ್ತನಾಳಗಳಿವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಎರಡನ್ನೂ ಕೆಡಿಸುತ್ತವೆ. ರಕ್ತದಲ್ಲಿ ಉಳಿಯುವ ಕಲ್ಮಷವೂ ಇದಕ್ಕೆ ಸೇರುತ್ತದೆ. ಮಾತ್ರೆಗಳ ಲೆಕ್ಕ ತಪ್ಪುತ್ತದೆ, ಒಂದು ತೀರ್ಮಾನಕ್ಕೆ ಬರಲು ತಡವರಿಸುತ್ತಾರೆ.

ಕೆಲವರು ಇಲ್ಲಿಗೆ ಗೀತೆಯ ಎರಡನೆಯ ಅಧ್ಯಾಯವನ್ನು ತರುತ್ತಾರೆ, ಸ್ಮೃತಿ ಹೋದರೆ ಬುದ್ಧಿಯೂ ಹೋಯಿತೆಂದು. ಅಲ್ಲಿ ಆ ಸರಪಳಿ ಹುಟ್ಟುವುದು ವಿಷಯಾಸಕ್ತಿಯಿಂದ, ಕ್ರೋಧದಿಂದ, ಕಾಯಿಲೆಯಿಂದಲ್ಲ. ರೋಗಿಯ ಮೇಲೆ ಆ ಮಾತನ್ನು ಹೇರುವುದು ಅನ್ಯಾಯ.

ಮನುಷ್ಯನಿಗೆ ಡಯಾಲಿಸಿಸ್ ಮೊದಲು ನಡೆದದ್ದು ಇದೇ ಜರ್ಮನಿಯಲ್ಲಿ, 1924ರಲ್ಲಿ, ಗೀಸೆನ್ ಊರಿನ ವೈದ್ಯ ಗೇಯೋರ್ಗ್ ಹಾಸ್ ಅವರಿಂದ. ಇಂದು ಅದು ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. ಮರೆವು ಬಂದ ಅಮ್ಮ ಒಂದು ಬೆಳಿಗ್ಗೆ “ಸಾಕಪ್ಪ, ಇನ್ನು ಬೇಡ” ಎಂದರೆ ಅದು ಕಾಯಿಲೆಯ ಮಾತೋ, ಅವರದೇ ಮಾತೋ? ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕೂ ಇದೆ. ಅಮ್ಮನಿಗೆ ಜರ್ಮನ್ ಬಾರದು, ವೈದ್ಯರಿಗೆ ಕನ್ನಡ ಬಾರದು. ನಡುವೆ ಕುಳಿತ ಮಗ “ಸ್ವಲ್ಪ ಸುಸ್ತಂತೆ” ಎಂದು ಜರ್ಮನ್‌ನಲ್ಲಿ ಹೇಳುತ್ತಾನೆ. ಪ್ರೀತಿಯಿಂದಲೇ ಹೇಳುತ್ತಾನೆ. ಆದರೂ ಅಮ್ಮನ ಮಾತು ವೈದ್ಯರಿಗೆ ಮುಟ್ಟಲೇ ಇಲ್ಲ.

ಒಪ್ಪಿಗೆ ಕೊಡುವ ಶಕ್ತಿ ಕುಂದಿದವರಿಗೂ, ಅವರಿಗೆ ಅರ್ಥವಾಗುವ ಮಟ್ಟಿಗೆ, ಚಿಕಿತ್ಸೆಯ ವಿಷಯ ತಿಳಿಸಬೇಕೆಂದು ಇಲ್ಲಿನ ಕಾನೂನು 2013ರಿಂದ ಹೇಳುತ್ತದೆ. ಮಕ್ಕಳೆಂಬ ಒಂದೇ ಕಾರಣಕ್ಕೆ ನಮಗೆ ಅವರ ಪರವಾಗಿ ಸಹಿ ಹಾಕುವ ಹಕ್ಕಿಲ್ಲ. 2023ರಿಂದ ಗಂಡ ಹೆಂಡತಿಯರಿಗೆ ತುರ್ತಿನಲ್ಲಿ ಆ ಹಕ್ಕುಂಟು, ಅದೂ ಹೆಚ್ಚೆಂದರೆ ಆರು ತಿಂಗಳು. ಆದ್ದರಿಂದ ‘ಫೋರ್‌ಸೋರ್ಗೆಫೋಲ್‌ಮಾಖ್ಟ್’ ಎಂಬ ಅಧಿಕಾರಪತ್ರವನ್ನು ಹಿರಿಯರ ಬುದ್ಧಿ ತಿಳಿಯಾಗಿರುವಾಗಲೇ ಬರೆಸಿಡಬೇಕು. ಅಶುಭವೆಂದು ನಾವು ಮುಂದೂಡುತ್ತೇವೆ. ಊರಿನ ಸೈಟಿಗೆ ಉಯಿಲು ಬರೆಸುವಾಗ ಕಾಣದ ಅಶುಭ ಇದರಲ್ಲಿ ಮಾತ್ರ ಹೇಗೆ ಕಾಣುತ್ತದೋ!

ಬೇಡವೆಂದ ಕೂಡಲೇ ನಿಲ್ಲಿಸಿಬಿಡಬೇಕೆಂದು ನಾವು ಹೇಳುತ್ತಿಲ್ಲ. ಸೋಂಕು, ಹೊಸ ಔಷಧಿ, ಖಿನ್ನತೆಗಳಿಂದಲೂ ಮನಸ್ಸು ಕದಡಬಹುದು; ಅದನ್ನು ವೈದ್ಯರು ಮೊದಲು ನೋಡಲಿ. ಆಮೇಲೆ ಡಯಾಲಿಸಿಸ್ ಇಲ್ಲದ ದಿನ, ಅಳತೆಯ ಅರ್ಧ ಲೋಟ ಕಾಫಿ ಕುಡಿಯುವ ಹೊತ್ತಿಗೆ, ಕನ್ನಡದಲ್ಲಿ ನಿಧಾನವಾಗಿ ಕೇಳೋಣ: ಏನಮ್ಮ ಬೇಡ? ಸೂಜಿಯ ನೋವೇ, ನಸುಕಿನ ಟ್ಯಾಕ್ಸಿಯೇ, ಅಥವಾ ಎಲ್ಲವೂ ಸಾಕಾಯಿತೇ? ನಾಲ್ಕು ದಿನ ಬಿಟ್ಟು ಮತ್ತೆ ಕೇಳೋಣ. ಅದೇ ಉತ್ತರ ಬಂದರೆ ಅದನ್ನು ಮೆತ್ತಗೆ ಮಾಡದೆ ವೈದ್ಯರಿಗೆ ಹಾಗೆಯೇ ಹೇಳಬೇಕು, ಹೇಳುವಾಗ ಅಮ್ಮ ಪಕ್ಕದಲ್ಲೇ ಕುಳಿತಿರಬೇಕು.