ಗ್ರಂಥಾಲಯದಲ್ಲಿ ಜರಡಿ



ಗ್ರಂಥಾಲಯದಲ್ಲಿ ಯಾವುದನ್ನು ಓದಗೊಡಬೇಕು, ಯಾವುದನ್ನು ತಡೆಯಬೇಕು ಎಂಬ ಹಳೆಯ ಪ್ರಶ್ನೆ ಅಂತರ್ಜಾಲದಿಂದಾಗಿ ಹೊಸ ರೂಪ ತಾಳಿದೆ. ಪರದೇಶದ ಮೊಕದ್ದಮೆಯೊಂದು ಇದರ ವಿಚಾರಕ್ಕೆ ಒಳ್ಳೆಯ ಆಧಾರವಾಗಬಲ್ಲದು. ಅಂತರ್ಜಾಲಕ್ಕಾಗಿ ಕೇಂದ್ರ ಸರಕಾರದ ನೆರವು ಪಡೆಯುವ ಗ್ರಂಥಾಲಯಗಳು ಅಶ್ಲೀಲ ಚಿತ್ರಗಳನ್ನು ತಡೆಯುವ ಫಿಲ್ಟರನ್ನು ತಮ್ಮ ಕಂಪ್ಯೂಟರುಗಳಿಗೆ ಅಳವಡಿಸತಕ್ಕದ್ದೆಂದು ಅಮೆರಿಕೆಯಲ್ಲಿ 2000ದಲ್ಲಿ ಕಾಯಿದೆಯಾಯಿತು. ಅಲ್ಲಿನ ಗ್ರಂಥಾಲಯ ಸಂಘವೇ ಅದನ್ನು ಪ್ರಶ್ನಿಸಿತು. 2002ರಲ್ಲಿ ಫಿಲಡೆಲ್ಫಿಯದಲ್ಲಿ ಸಂಘಕ್ಕೆ ಜಯ ದೊರೆಯಿತಾದರೂ, 2003ರಲ್ಲಿ ಸರ್ವೋಚ್ಚ ನ್ಯಾಯಾಲಯವು 6-3ರ ಬಹುಮತದಿಂದ ಕಾಯಿದೆಯನ್ನು ಎತ್ತಿಹಿಡಿಯಿತು.

ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಅವರ ವಾದವು ಹಗುರವಾದುದಲ್ಲ. ಗ್ರಂಥಪಾಲಕನು ಅಶ್ಲೀಲ ಪುಸ್ತಕಗಳನ್ನು ಕೊಂಡು ಕಪಾಟಿನಲ್ಲಿಡುವುದಿಲ್ಲ. ಪರದೆಗೆ ಮಾತ್ರ ಬೇರೆ ನ್ಯಾಯವೇಕೆ? ಭಿನ್ನಮತ ತಾಳಿದ ಸೌಟರ್ ಅವರಿಗೆ ಇದು ಪುಸ್ತಕ ಕೊಳ್ಳದಿರುವಂತೆ ತೋರಲಿಲ್ಲ. ವಿಶ್ವಕೋಶವನ್ನು ಕೊಂಡು ತಂದು ಅದರ ಹಾಳೆಗಳನ್ನು ಕತ್ತರಿಸಿದಂತೆ ತೋರಿತು.

ಎಳೆಯರ ಕಣ್ಣಿಗೆ ಹೊಲಸು ಬೀಳದಿರಲೆಂಬ ಕಳಕಳಿ ನಮ್ಮದೂ ಹೌದು. ಪ್ರಸಾದನಿಲಯದಲ್ಲಿ ಬೆಳೆದ ತಮಗೆ, ಹಿರಿಯರೊಬ್ಬರು ‘ಈ ಪುಸ್ತಕ ಈಗ ಬೇಡ’ ಎಂದುದು ನೆನಪಿರಬಹುದು. ಹಾಗೆಂದವರು ಕಣ್ಣೆದುರಿಗಿದ್ದರು, ಏಕೆಂದು ಅವರನ್ನು ಕೇಳಬಹುದಾಗಿತ್ತು. (ಕೇಳಿದವರು ಬೈಸಿಕೊಂಡಿರಲೂ ಸಾಕು!) ಈ ಫಿಲ್ಟರನ್ನು ಕೇಳುವುದೆಂತು? ತಾವು ಮುಚ್ಚಿದ ತಾಣಗಳ ಪಟ್ಟಿಯನ್ನು ಕಂಪನಿಗಳು ವ್ಯಾಪಾರದ ಗುಟ್ಟೆಂದು ಬಚ್ಚಿಟ್ಟವು. ಏನು ಮುಚ್ಚಿದೆಯೆಂಬುದು ಗ್ರಂಥಪಾಲಕನಿಗೇ ತಿಳಿಯದು. ಪದಗಳನ್ನು ಹುಡುಕಿ ವಿಂಗಡಿಸುವ ಯಂತ್ರಕ್ಕೆ ಸ್ತನದ ಕ್ಯಾನ್ಸರಿನ ಬರಹಕ್ಕೂ ಅಶ್ಲೀಲಕ್ಕೂ ಭೇದ ಕಾಣದು.

ವಯಸ್ಕರು ಕೇಳಿಕೊಂಡಲ್ಲಿ ಫಿಲ್ಟರನ್ನು ತೆಗೆಯಲು ಕಾಯಿದೆಯಲ್ಲಿ ಆಸ್ಪದವುಂಟು. ನ್ಯಾಯಮೂರ್ತಿ ಕೆನಡಿ ಇದನ್ನೇ ನೆಚ್ಚಿದರು. ನನಗಾದರೋ ತೊಡಕು ಈ ಕೇಳಿಕೊಳ್ಳುವುದರಲ್ಲಿಯೇ ಕಾಣುತ್ತದೆ. ಗುಹ್ಯರೋಗವಿರಬಹುದೆಂಬ ಅಂಜಿಕೆಯಿಂದ ಬಂದವನು, ನಾಲ್ಕು ಜನರ ಮುಂದೆ ನಿಂತು ‘ಬೀಗ ತೆಗೆಯಿರಿ’ ಎಂದಾನೆಯೇ? ಮನೆಯಲ್ಲಿ ಕಂಪ್ಯೂಟರುಳ್ಳ ಸ್ಥಿತಿವಂತನಿಗೆ ಈ ಸಂಕೋಚವಿಲ್ಲ. ಗ್ರಂಥಾಲಯವನ್ನೇ ನೆಚ್ಚಿದ ಬಡವನಿಗೆ ಮಾತ್ರ ಜರಡಿ. ಅರಿವನ್ನೇ ಗುರುವೆಂದ ಶರಣರ ಪರಂಪರೆಯವರು ಇದನ್ನು ಸಲೀಸಾಗಿ ಒಪ್ಪಲಾಗದು.

ಮಕ್ಕಳ ಕೊಠಡಿಯಲ್ಲಿ ಫಿಲ್ಟರ್ ಇರಲಿ, ಅಲ್ಲಿ ನನ್ನ ತಕರಾರಿಲ್ಲ. ಆದರೆ ಮಕ್ಕಳ ಹೆಸರಿನ ಆ ಕಾಯಿದೆ ಅಷ್ಟಕ್ಕೆ ನಿಲ್ಲಲಿಲ್ಲ. ಗ್ರಂಥಾಲಯದ ಸಿಬ್ಬಂದಿ ಬಳಸುವ ಕಂಪ್ಯೂಟರುಗಳಿಗೂ ಫಿಲ್ಟರನ್ನು ಕಡ್ಡಾಯಗೊಳಿಸಿತು.